ರಾತ್ರೋರಾತ್ರಿ ಬದಲಾಗೋ ಮೊಬೈಲ್: ಆಂಡ್ರಾಯ್ಡ್ 16 ಬಂದೈತಿ, ಹಾಕ್ಕೋಬೇಕೋ ಬ್ಯಾಡೋ?

ರೋಣ/ನರಗುಂದ/ಗಜೇಂದ್ರಗಡ: ‘ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆ’ ಅಂತ ಫೋನ್‌ನಲ್ಲಿ ಸೂಚನೆ ಬಂದರೆ ಈಗ ಬಹಳ ಮಂದಿ ಅದನ್ನು ಬೆರಳಿನಿಂದ ಆಚೆ ಸರಿಸಿ ಸುಮ್ಮನಾಗುತ್ತಿದ್ದಾರೆ. ಕೆಲವರು ಮೊಬೈಲ್ ಅಂಗಡಿಗೆ ಹೋಗಿ ‘ಈ ಅಪ್‌ಡೇಟ್ ಬರೋದನ್ನೇ ಬಂದ್ ಮಾಡಿಕೊಡ್ರಿ’ ಅಂತ ಕೇಳುತ್ತಿದ್ದಾರೆ. ಆಗಸ್ಟ್‌ನಲ್ಲಿ ಫೋನ್ ಮಾಡೋ ಪರದೆಯೇ ರಾತ್ರೋರಾತ್ರಿ ಬದಲಾದಾಗಿನಿಂದ ಈ ಭಯ ಜಾಸ್ತಿಯಾಗಿದೆ.

ಇದೇ ಹೊತ್ತಿಗೆ ಗೂಗಲ್‌ನ ಹೊಸ ಆವೃತ್ತಿ ಆಂಡ್ರಾಯ್ಡ್ 16 ನಮ್ಮ ಕೈಯಲ್ಲಿರೋ ಫೋನ್‌ಗಳಿಗೆ ಒಂದೊಂದಾಗಿ ಬರುತ್ತಿದೆ. 2025ರ ಜೂನ್ 10ಕ್ಕೆ ಗೂಗಲ್‌ನ ಸ್ವಂತ ಪಿಕ್ಸೆಲ್ ಫೋನ್‌ಗಳಿಗೆ ಮೊದಲು ಬಂತು. ಸ್ಯಾಮ್‌ಸಂಗ್‌ನವರು ಸೆಪ್ಟೆಂಬರ್‌ನಲ್ಲಿ ‘ಒನ್ ಯುಐ 8’ ಅನ್ನೋ ಹೆಸರಲ್ಲಿ ಕೊಡಲು ಶುರು ಮಾಡಿದರು. ದೀಪಾವಳಿ ಸುತ್ತಮುತ್ತ ಒಪ್ಪೊ, ಒನ್‌ಪ್ಲಸ್‌ನಂಥ ಕಂಪನಿಗಳೂ ಶುರು ಹಚ್ಚಿಕೊಂಡಿವೆ.

ಹಾಗಾದರೆ ಹಾಕ್ಕೋಬೇಕೋ, ಬ್ಯಾಡೋ? ಒಂದೇ ಮಾತಿನಲ್ಲಿ ಹೇಳಬೇಕಂದ್ರೆ: ಬಣ್ಣ ಬದಲಾಯಿಸೋ ಅಪ್‌ಡೇಟ್‌ಗೆ ‘ತಡೀರಿ’ ಅನ್ನಬಹುದು, ಕೀಲಿ ಬದಲಾಯಿಸೋ ಅಪ್‌ಡೇಟ್‌ಗೆ ‘ಬ್ಯಾಡ’ ಅನ್ನಬಾರದು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಎಲ್ಲಾನೂ ಬಂದ್ ಮಾಡಿಸಿದರೆ ನಷ್ಟ ಅಂಗಡಿಯವರಿಗೇ.

ಆಗಸ್ಟ್‌ನಲ್ಲಿ ಆಗಿದ್ದೇನು?

ಮೊದಲು ಆ ಗೊಂದಲ ತಿಳ್ಕೊಳ್ಳೋಣ. ಆಗ ಬದಲಾಗಿದ್ದು ಫೋನ್‌ನ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಅಲ್ಲವೇ ಅಲ್ಲ. ಬದಲಾಗಿದ್ದು ಗೂಗಲ್‌ನ ‘ಫೋನ್’ ಅನ್ನೋ ಆ್ಯಪ್, ಅಂದರೆ ನಾವು ನಂಬರ್ ಒತ್ತಿ ಕರೆ ಮಾಡೋ ಜಾಗ. ‘ಮಟೀರಿಯಲ್ 3 ಎಕ್ಸ್‌ಪ್ರೆಸಿವ್’ ಅನ್ನೋ ಹೊಸ ವಿನ್ಯಾಸವನ್ನ ಗೂಗಲ್ ಮೇ ತಿಂಗಳಲ್ಲೇ ಘೋಷಿಸಿತ್ತು. ಆಗಸ್ಟ್‌ನಲ್ಲಿ ಅದನ್ನ ಫೋನ್ ಆ್ಯಪ್‌ಗೆ ಹಾಕಿತು. ಇದನ್ನ ಕಂಪನಿ ತನ್ನ ಕಡೆಯಿಂದಲೇ ಚಾಲೂ ಮಾಡಿದ್ದರಿಂದ ಎಷ್ಟೋ ಮಂದಿಗೆ ‘ನಾನು ಏನೂ ಒತ್ತಿಲ್ಲ, ಆದರೂ ಬದಲಾಗೇತಿ’ ಅನ್ನಿಸಿತು. ಅವರು ಅಂದುಕೊಂಡಿದ್ದು ಸರಿಯೇ ಇತ್ತು.

ಏನೇನು ಬದಲಾಯಿತು ನೋಡ್ರಿ. ಮೊದಲು ಮೆಚ್ಚಿನ ನಂಬರ್‌ಗಳು, ಇತ್ತೀಚಿನ ಕರೆಗಳು, ಸಂಪರ್ಕಗಳು ಅಂತ ಬೇರೆ ಬೇರೆ ಮನೆಗಳಿದ್ದವು. ಈಗ ಮೆಚ್ಚಿನ ನಂಬರ್ ಮತ್ತು ಇತ್ತೀಚಿನ ಕರೆ ಎರಡೂ ‘ಹೋಮ್’ ಅನ್ನೋ ಒಂದೇ ಮನೆಯೊಳಗೆ ಸೇರಿವೆ. ಸಂಪರ್ಕಗಳ ಪಟ್ಟಿ ಮೇಲಿನ ಹುಡುಕಾಟದ ಪಟ್ಟಿಯ ಬಾಜೂ ಇರೋ ಮೂರು ಗೆರೆಯ ಒಳಗೆ ಹೋಯಿತು. ನಂಬರ್ ಒತ್ತೋ ಕೀಪ್ಯಾಡ್ ಕೆಳಗೆ ಬೇರೆ ಮನೆಯಾಯಿತು. ಒಬ್ಬರಿಂದಲೇ ಬಂದ ನಾಲ್ಕು ಕರೆ ಮೊದಲು ಒಂದು ಗುಂಪಾಗಿ ಕಾಣುತ್ತಿದ್ದವು, ಈಗ ಒಂದರ ಕೆಳಗೊಂದು ಉದ್ದಕ್ಕೆ ಬರುತ್ತವೆ. ಕರೆ ಬಂದಾಗ ಎತ್ತೋ ರೀತಿಯೂ ಬದಲಾಯಿತು. ಮೇಲಕ್ಕೆ ಸರಿಸಿ ರೂಢಿಯಾಗಿದ್ದ ಬೆರಳಿಗೆ ಈಗ ಅಡ್ಡ ಸರಿಸಬೇಕು, ಇಲ್ಲವೇ ಒಮ್ಮೆ ಒತ್ತಬೇಕು.

ದೇಶದ ತುಂಬ ಸಾಮಾಜಿಕ ಜಾಲತಾಣದಲ್ಲಿ ಇದೇ ಮಾತಾಯಿತು. ‘ಫೋನ್ ಹ್ಯಾಕ್ ಆಗೇತೇನೋ’ ಅಂತ ಹೆದರಿದವರೂ ಇದ್ದರು. ಬಾಜೂ ಅಂಗಡಿಯವರ ಫೋನ್ ಮಾತ್ರ ಬದಲಾಗದೆ ಇದ್ದಾಗ ಅನುಮಾನ ಇನ್ನೂ ಗಟ್ಟಿಯಾಯಿತು. ಅದಕ್ಕೆ ಕಾರಣ ಸರಳ ಐತಿ. ಸ್ಯಾಮ್‌ಸಂಗ್‌ನಂಥ ಕಂಪನಿಗಳು ಕರೆ ಮಾಡಲು ತಮ್ಮದೇ ಆ್ಯಪ್ ಇಟ್ಟಿವೆ. ಮೋಟೊರೊಲಾ, ಒನ್‌ಪ್ಲಸ್, ಶಿಯೋಮಿಯ ಬಹಳಷ್ಟು ಮಾಡೆಲ್‌ಗಳಲ್ಲಿ ಗೂಗಲ್‌ನ ಆ್ಯಪ್ಪೇ ಇರುತ್ತದೆ. ಗೂಗಲ್ ಆ್ಯಪ್ ಇದ್ದವರಿಗೆ ಬದಲಾಯಿತು, ಉಳಿದವರಿಗೆ ಇಲ್ಲ.

ಚಂದ ಕಾಣೋದು ಒಂದು, ಕೈಗೆ ಸಿಗೋದು ಇನ್ನೊಂದು

ಗೂಗಲ್ ಹೇಳೋದೇನಂದ್ರೆ, ಈ ಹೊಸ ವಿನ್ಯಾಸಕ್ಕೆ 46 ಅಧ್ಯಯನ ಮಾಡಿದ್ದೇವೆ, 18,000ಕ್ಕೂ ಹೆಚ್ಚು ಮಂದಿಯನ್ನ ಕೇಳಿದ್ದೇವೆ, ಮುಖ್ಯವಾದ ಬಟನ್‌ಗಳು ನಾಲ್ಕು ಪಟ್ಟು ಬೇಗ ಕಣ್ಣಿಗೆ ಬೀಳುತ್ತವೆ ಅಂತ. ದೊಡ್ಡ ಬಟನ್, ದುಂಡನೆ ಆಕಾರ, ಕಡುಬಣ್ಣ. ಹೊಸದಾಗಿ ಫೋನ್ ಹಿಡಿದವರಿಗೆ ಇದು ಅನುಕೂಲ ಇದ್ದೀತು. ಕಣ್ಣು ಮಂಜಾದ ಹಿರಿಯರಿಗೆ ಕರೆ ಕತ್ತರಿಸೋ ದೊಡ್ಡ ಬಟನ್ ಒಳ್ಳೇದೇ. ಫೋನ್ ಕಿಸೆಯಿಂದ ತೆಗೆಯುವಾಗ ಕರೆ ತಾನೇ ಎತ್ತಿ ಹೋಗೋದು, ಕತ್ತರಿಸಿ ಹೋಗೋದು ತಪ್ಪಿಸಲು ಅಡ್ಡ ಸರಿಸೋದನ್ನ ತಂದಿದ್ದೇವೆ ಅನ್ನೋದು ಇನ್ನೊಂದು ಸಮರ್ಥನೆ.

ಆದರೆ ಅಂಗಡಿಯವರು ಫೋನ್ ನೋಡಿ ಬಳಸೋದಿಲ್ಲ, ಬೆರಳಿನ ರೂಢಿಯಿಂದ ಬಳಸುತ್ತಾರೆ. ಒಂದು ಕೈಯಾಗ ತಕ್ಕಡಿ, ಇನ್ನೊಂದು ಕೈಯಾಗ ಫೋನ್. ಎಪಿಎಂಸಿಯಲ್ಲಿ ಹೆಸರು, ಕಡಲೆ ದರ ಕೇಳಲು ದಲ್ಲಾಳಿ ಅಂಗಡಿಗೆ ಹತ್ತು ಕರೆ ಬರುತ್ತವೆ. ಗಜೇಂದ್ರಗಡದ ನೇಕಾರರಿಗೆ ಸೀರೆ ವ್ಯಾಪಾರಿಯ ಕರೆ ಒಂದು ತಪ್ಪಿದರೆ ಆ ದಿನದ ಲೆಕ್ಕವೇ ತಪ್ಪುತ್ತದೆ. ಇಂಥವರಿಗೆ ಇತ್ತೀಚಿನ ಕರೆಗಳ ಪಟ್ಟಿ ಅಂದ್ರೆ ಉದ್ರಿ ಖಾತೆ ಇದ್ದಂಗ. ಯಾರು ಎಷ್ಟೊತ್ತಿಗೆ ಕರೆ ಮಾಡಿದ್ದರು, ಯಾರಿಗೆ ವಾಪಸ್ ಮಾಡಬೇಕು ಅನ್ನೋದು ಅದರಲ್ಲೇ ಐತಿ. ಗಲ್ಲಾಪೆಟ್ಟಿಗೆಯನ್ನ ರಾತ್ರಿ ಯಾರೋ ಎಡಗಡೆಯಿಂದ ಬಲಗಡೆಗೆ ಎತ್ತಿಟ್ಟು ಹೋದರೆ ಹೆಂಗ ಆಗತೈತಿ, ಹಂಗ ಆಯಿತು. ಪೆಟ್ಟಿಗೆ ಚಂದ ಐತಿ ಅಂತ ಯಾರೂ ಖುಷಿಪಡೋದಿಲ್ಲ.

ನಮ್ಮ ಭಾಗದವರಿಗೆ ಇದು ಮೊದಲನೇ ಅನುಭವವೂ ಅಲ್ಲ. 2022ರ ಮೇ ತಿಂಗಳಲ್ಲಿ ಬೇರೆ ಕಂಪನಿಗಳ ಕರೆ ರೆಕಾರ್ಡಿಂಗ್ ಆ್ಯಪ್‌ಗಳನ್ನ ಗೂಗಲ್ ತನ್ನ ಪ್ಲೇ ಸ್ಟೋರ್‌ನಲ್ಲಿ ನಿರ್ಬಂಧಿಸಿತು. ಗೂಗಲ್ ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿದರೆ ‘ಈ ಕರೆ ರೆಕಾರ್ಡ್ ಆಗುತ್ತಿದೆ’ ಅಂತ ಆ ಕಡೆಯವರಿಗೂ ಕೇಳುವಂತೆ ಧ್ವನಿ ಬರುತ್ತದೆ. ಬಾಯಿಮಾತಿನ ವ್ಯವಹಾರಕ್ಕೆ ಸಾಕ್ಷಿ ಇರಲಿ ಅಂತ ರೆಕಾರ್ಡ್ ಇಟ್ಟುಕೊಳ್ಳುತ್ತಿದ್ದ ವ್ಯಾಪಾರಿಗಳಿಗೆ ಅದು ತೊಂದರೆಯಾಯಿತು. ಗೌಪ್ಯತೆ ದೃಷ್ಟಿಯಿಂದ ಆ ನಿರ್ಧಾರ ಸರಿಯಿರಬಹುದು. ಆದರೆ ಆಗಲೂ ನಮ್ಮನ್ನ ಯಾರೂ ಕೇಳಿರಲಿಲ್ಲ, ಈಗಲೂ ಕೇಳಿಲ್ಲ.

ಹಳೇ ರೂಪ ಬೇಕಂದ್ರೆ ದಾರಿ ಐತಿ. ಫೋನ್ ಆ್ಯಪ್‌ನ ಚಿಹ್ನೆ ಒತ್ತಿ ಹಿಡಿದು ‘ಆ್ಯಪ್ ಇನ್ಫೋ’ಗೆ ಹೋಗಿ, ಮೂರು ಚುಕ್ಕಿ ಒತ್ತಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಮಾಡಿದರೆ ಫೋನ್ ಜೊತೆ ಬಂದಿದ್ದ ಹಳೇ ಆ್ಯಪ್ ವಾಪಸ್ ಬರುತ್ತದೆ. ಆಮೇಲೆ ಪ್ಲೇ ಸ್ಟೋರ್‌ನಲ್ಲಿ ಆ ಒಂದೇ ಆ್ಯಪ್‌ಗೆ ‘ಆಟೋ ಅಪ್‌ಡೇಟ್’ ತೆಗೆಯಬೇಕು. ಎಲ್ಲಾ ಆ್ಯಪ್‌ಗಳಿಗೂ ತೆಗೆಯಬ್ಯಾಡ್ರಿ. ಕರೆ ಎತ್ತೋ ರೀತಿ ಒಂದೇ ತೊಂದರೆ ಆಗಿದ್ದರೆ ಅಷ್ಟು ದೂರ ಹೋಗೋದೂ ಬೇಕಾಗಿಲ್ಲ. ಅದೇ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಕಮಿಂಗ್ ಕಾಲ್ ಜೆಶ್ಚರ್’ ಅಂತ ಐತಿ. ಅಡ್ಡ ಸರಿಸೋದೋ, ಒಮ್ಮೆ ಒತ್ತೋದೋ, ನಿಮಗೆ ಬೇಕಾದ್ದು ಆರಿಸ್ಕೋಬಹುದು.

ಅಪ್‌ಡೇಟ್ ಅಂದ್ರೆ ಒಂದಲ್ಲ, ಮೂರು

ಇಲ್ಲೇ ಬಹಳ ಮಂದಿ ಎಡವೋದು. ಫೋನ್‌ಗೆ ಬರೋ ಅಪ್‌ಡೇಟ್ ಮೂರು ಥರ.

ಒಂದು, ಆ್ಯಪ್ ಅಪ್‌ಡೇಟ್. ಇದು ಪ್ಲೇ ಸ್ಟೋರ್‌ನಿಂದ ಬರುತ್ತದೆ. ಆಗಸ್ಟ್‌ನಲ್ಲಿ ತಲೆನೋವಾಗಿದ್ದು ಈ ಜಾತಿಯದು.

ಎರಡು, ದೊಡ್ಡ ಆವೃತ್ತಿ. ಆಂಡ್ರಾಯ್ಡ್ 15ರಿಂದ 16ಕ್ಕೆ ಹೋಗೋದು. ವರ್ಷಕ್ಕೊಮ್ಮೆ ಬರುತ್ತದೆ, ಗಾತ್ರ ದೊಡ್ಡದು, ಫೋನ್‌ನ ನೋಟ-ನಡತೆ ಎರಡೂ ಬದಲಾಗಬಹುದು.

ಮೂರು, ಸೆಕ್ಯುರಿಟಿ ಪ್ಯಾಚ್. ಸಿಸ್ಟಮ್‌ನಲ್ಲಿ ಸಿಕ್ಕ ತೂತುಗಳನ್ನ ಮುಚ್ಚೋದು. ಹೊರಗಿಂದ ನೋಡಿದರೆ ಏನೂ ಬದಲಾದಂಗ ಕಾಣೋದಿಲ್ಲ, ಅದಕ್ಕೇ ಇದಕ್ಕೆ ಯಾರೂ ಬೆಲೆ ಕೊಡೋದಿಲ್ಲ. ಬೆಲೆ ಇರೋದು ಮಾತ್ರ ಇದಕ್ಕೇ. ಹಣ ಇರೋ ಫೋನ್‌ಗೆ ಇದು ಬೀಗ ಇದ್ದಂಗ.

ಮೊದಲನೇದರ ಮೇಲಿನ ಸಿಟ್ಟಿಗೆ ಮೂರನೇದನ್ನ ಬಂದ್ ಮಾಡಿಸೋದು ಅಂದ್ರೆ, ಅಂಗಡಿ ಬೋರ್ಡಿನ ಬಣ್ಣ ಹಿಡಿಸಲಿಲ್ಲ ಅಂತ ಶಟರ್‌ಗೆ ಕೀಲಿ ಹಾಕೋದು ಬಿಟ್ಟಂಗ.

ಆಂಡ್ರಾಯ್ಡ್ 16ರಲ್ಲಿ ನಮಗೇನೈತಿ?

ತಂತ್ರಜ್ಞಾನ ಬರೆಯೋ ವಿಮರ್ಶಕರಲ್ಲಿ ಆಂಡ್ರಾಯ್ಡ್ 16 ಬಗ್ಗೆ ಎರಡು ಮಾತಿದೆ. ಜೂನ್‌ನಲ್ಲೇ ಬಿಡುಗಡೆ ಮಾಡಿದ್ದು ಒಳ್ಳೇದಾಯಿತು, ಕಂಪನಿಗಳಿಗೆ ತಯಾರಿಗೆ ಸಮಯ ಸಿಕ್ಕಿತು ಅಂತ ಹೊಗಳಿದವರಿದ್ದಾರೆ. ‘ಹೊಸ ಆವೃತ್ತಿ ಅಂದಿರಿ, ಕಣ್ಣಿಗೆ ಹೊಸದು ಏನೂ ಕಾಣ್ತಿಲ್ಲ’ ಅಂತ ಮೂಗು ಮುರಿದವರೂ ಇದ್ದಾರೆ. ಯಾಕಂದ್ರೆ ಹೊಸ ವಿನ್ಯಾಸ ಪಿಕ್ಸೆಲ್‌ಗೆ ಬಂದಿದ್ದೇ ಸೆಪ್ಟೆಂಬರ್‌ನಲ್ಲಿ.

‘ಲೈವ್ ಅಪ್‌ಡೇಟ್ಸ್’ ಅನ್ನೋದು ದೊಡ್ಡ ಪ್ರಚಾರ ಪಡೆದ ಸೌಲಭ್ಯ. ತರಿಸಿದ ಊಟ ಎಲ್ಲಿಗೆ ಬಂತು, ಟ್ಯಾಕ್ಸಿ ಎಷ್ಟು ದೂರ ಐತಿ ಅಂತ ಪರದೆ ಮೇಲೇ ತೋರಿಸುತ್ತದೆ. ಹುಬ್ಬಳ್ಳಿ, ಬೆಂಗಳೂರಿನವರಿಗೆ ಇದು ಉಪಯೋಗ. ನಮ್ಮಲ್ಲಿ ಊಟ ತರಿಸೋರಿಗಿಂತ ಬುತ್ತಿ ಕಟ್ಟಿಕೊಂಡು ಹೋಗೋರೇ ಜಾಸ್ತಿ.

ಇನ್ನೊಂದು, ಒಂದೇ ಆ್ಯಪ್‌ನಿಂದ ಬರೋ ಸೂಚನೆಗಳನ್ನ ತಾನೇ ಒಂದು ಕಟ್ಟು ಮಾಡಿ ಇಡೋದು. ಪರದೆ ಸ್ವಚ್ಛ ಕಾಣುತ್ತದೆ, ನಿಜ. ಆದರೆ ಹಣ ಬಂದ ಸಂದೇಶ ಕಟ್ಟಿನೊಳಗೆ ಸೇರಿದ್ದರೆ ಬಿಚ್ಚಿ ನೋಡಬೇಕು. ಅಂಗಡಿಯವರು ಇದನ್ನ ನೆನಪಿನಲ್ಲಿಟ್ಟುಕೊಂಡರೆ ಸಾಕು.

ನಮ್ಮ ಮಟ್ಟಿಗೆ ನಿಜವಾಗಿ ಬೆಲೆಬಾಳೋದು ಕರೆ ನಡೆಯುವಾಗಿನ ರಕ್ಷಣೆ. ಅದು ಯಾಕ ಬೇಕು ಅನ್ನೋದಕ್ಕೆ ಈಗಿನ ವಂಚನೆ ಹೆಂಗ ನಡೀತೈತಿ ನೋಡ್ರಿ. ಪಿಎಂ ಕಿಸಾನ್ ಹೆಸರಲ್ಲೋ, ಸಾರಿಗೆ ಇಲಾಖೆ ದಂಡದ ಹೆಸರಲ್ಲೋ, ಮದುವೆ ಆಮಂತ್ರಣದ ಹೆಸರಲ್ಲೋ ವಾಟ್ಸಾಪ್‌ಗೆ ಒಂದು ಎಪಿಕೆ ಫೈಲ್ ಬರುತ್ತದೆ. ಅದನ್ನ ಒತ್ತಿದರೆ ಒಂದು ಆ್ಯಪ್ ಕೂಡುತ್ತದೆ. ಆಮೇಲೆ ‘ಬ್ಯಾಂಕ್‌ನಿಂದ ಮಾತಾಡ್ತಿದ್ದೀವಿ, ನಾವು ಹೇಳಿದಂಗ ಒತ್ತಿ’ ಅಂತ ಕರೆ. ಮಾತಾಡ್ತಾ ಮಾತಾಡ್ತಾ ಒಂದೊಂದೇ ಅನುಮತಿ ಕೊಡಿಸಿಕೊಳ್ಳುತ್ತಾರೆ. ಆ ಆ್ಯಪ್ ಒಟಿಪಿ ಓದುತ್ತದೆ, ಪರದೆ ನೋಡುತ್ತದೆ. ಖಾತೆ ಖಾಲಿ. ನವೆಂಬರ್ 19ಕ್ಕೆ ಪಿಎಂ ಕಿಸಾನ್‌ನ 21ನೇ ಕಂತು ಬಿಡುಗಡೆಯಾಗಿದೆ. ಕಂತು ಬಂತೋ ಇಲ್ಲೋ ಅಂತ ರೈತರು ಫೋನ್ ನೋಡ್ತಾ ಕೂತಿರೋ ಇಂಥ ಹೊತ್ತೇ ವಂಚಕರಿಗೆ ಸುಗ್ಗಿ.

ಆಂಡ್ರಾಯ್ಡ್ 16ರಲ್ಲಿ, ಸಂಪರ್ಕ ಪಟ್ಟಿಯಲ್ಲಿ ಇಲ್ಲದ ನಂಬರ್ ಜೊತೆ ಮಾತಾಡುತ್ತಿರುವಾಗ ಹೊರಗಿನ ಮೂಲದಿಂದ ಮೊದಲ ಸಲ ಆ್ಯಪ್ ಹಾಕೋದನ್ನ ಫೋನ್ ತಡೆಯುತ್ತದೆ. ಪರದೆ ಮೇಲಿನ ಹಿಡಿತವನ್ನೇ ಬಿಟ್ಟುಕೊಡೋ ‘ಆಕ್ಸೆಸಿಬಿಲಿಟಿ’ ಅನುಮತಿ ಕೊಡೋದನ್ನೂ ತಡೆಯುತ್ತದೆ. ಮಾತಾಡ್ತಾ ಪರದೆ ಹಂಚಿಕೊಂಡಿದ್ದರೆ, ಕರೆ ಮುಗಿದ ಮೇಲೆ ‘ಹಂಚೋದು ನಿಲ್ಲಿಸು’ ಅಂತ ನೆನಪಿಸುತ್ತದೆ. ಪ್ಲೇ ಪ್ರೊಟೆಕ್ಟ್ ಅನ್ನೋ ಕಾವಲನ್ನ ಕರೆಯ ನಡುವೆ ಬಂದ್ ಮಾಡದಂತೆ ತಡೆಯೋದು ಹಳೇ ಆವೃತ್ತಿಗಳಿಗೂ ಸಿಕ್ಕಿದೆ.

ಇದರಿಂದ ಎಲ್ಲಾ ಮೋಸ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು. ತಾನಾಗಿ ಒಟಿಪಿ ಓದಿ ಹೇಳಿದವರನ್ನ ಯಾವ ಆಂಡ್ರಾಯ್ಡೂ ಉಳಿಸೋದಿಲ್ಲ. ಆದರೆ ಗಾಬರಿಯಾದ ಮನುಷ್ಯನ ಕೈ ಹಿಡಿದು ‘ಒಂದು ನಿಮಿಷ ತಡಿ’ ಅನ್ನೋ ಒಬ್ಬರು ಬಾಜೂ ಇದ್ದರೆ ಎಷ್ಟೋ ಮನೆ ಉಳಿಯುತ್ತವೆ. ಆ ಕೆಲಸವನ್ನ ಫೋನ್ ಮಾಡೋದಾದರೆ ಬ್ಯಾಡ ಅನ್ನೋದ್ಯಾಕೆ?

ಆಂಡ್ರಾಯ್ಡ್ 10 ಮತ್ತು ಅದಕ್ಕಿಂತ ಹೊಸ ಫೋನ್‌ಗಳಿಗೆ ಕಳ್ಳತನ ತಡೆಯೋ ಸೌಲಭ್ಯವೂ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ವಿಭಾಗಕ್ಕೆ ಹೋದರೆ ‘ಥೆಫ್ಟ್ ಪ್ರೊಟೆಕ್ಷನ್’ ಅಂತ ಸಿಗುತ್ತದೆ. ಯಾರಾದರೂ ಕೈಯಿಂದ ಕಸಿದುಕೊಂಡು ಓಡಿದರೆ ಆ ಚಲನೆ ಗುರುತಿಸಿ ಫೋನ್ ತಾನೇ ಲಾಕ್ ಆಗುತ್ತದೆ. ‘ರಿಮೋಟ್ ಲಾಕ್’ ಮೊದಲೇ ಚಾಲೂ ಇಟ್ಟಿದ್ದರೆ ಬೇರೆಯವರ ಫೋನ್‌ನಿಂದ ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಲಾಕ್‌ಗೆ ಹೋಗಿ ನಿಮ್ಮ ನಂಬರ್ ಹಾಕಿ ಬೀಗ ಹಾಕಬಹುದು. ಜಾತ್ರೆ, ಸಂತೆ, ಬಸ್ ಸ್ಟ್ಯಾಂಡ್ ಗದ್ದಲಕ್ಕೆ ಹೋಗೋ ಮೊದಲು ಇದನ್ನ ಚಾಲೂ ಮಾಡಿಟ್ಟುಕೊಳ್ರಿ.

ಐಫೋನ್‌ನವರೂ ಬಿಟ್ಟಿಲ್ಲ

ತೊಂದರೆ ಆಂಡ್ರಾಯ್ಡ್‌ನವರಿಗಷ್ಟೇ ಅಂದುಕೊಳ್ಳಬ್ಯಾಡ್ರಿ. ಆಪಲ್ ಸೆಪ್ಟೆಂಬರ್ 15ಕ್ಕೆ ಐಒಎಸ್ 26 ಬಿಟ್ಟಿತು. ‘ಲಿಕ್ವಿಡ್ ಗ್ಲಾಸ್’ ಅಂತ ಎಲ್ಲಾ ಗಾಜಿನಂಗ ಪಾರದರ್ಶಕ. ನೋಡಲು ಚಂದ, ಆದರೆ ಹಿಂದಿನ ಚಿತ್ರ ಕಂಡು ಮುಂದಿನ ಅಕ್ಷರ ಓದಲು ಆಗೋದಿಲ್ಲ ಅಂತ ಜಗತ್ತಿನ ತುಂಬ ದೂರು ಬಂದವು. ಕೊನೆಗೆ ನವೆಂಬರ್ ಮೊದಲ ವಾರ ಬಂದ 26.1ರಲ್ಲಿ ಗಾಜನ್ನ ಮಬ್ಬು ಮಾಡ್ಕೊಳ್ಳೋ ಆಯ್ಕೆ ಕೊಟ್ಟಿತು. ಇದರಿಂದ ತಿಳಿಯೋದು ಒಂದೇ. ಬಳಸೋರು ಗದ್ದಲ ಮಾಡಿದರೆ ಕಂಪನಿಗಳು ಕೇಳುತ್ತವೆ, ಸುಮ್ಮನಿದ್ದರೆ ಒಪ್ಪಿಗೆ ಅಂದುಕೊಳ್ಳುತ್ತವೆ.

‘ಅಪ್‌ಡೇಟ್ ಮಾಡಿದ್ರ ಫೋನ್ ಹಾಳಾಗತೈತಿ’ ಅನ್ನೋದು ನಿಜವೇ?

ಈ ಮಾತನ್ನ ಪೂರ್ತಿ ಸುಳ್ಳು ಅನ್ನೋಕಾಗಲ್ಲ. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಅಪ್‌ಡೇಟ್‌ನಿಂದ ಹಳೇ ಫೋನ್ ನಿಧಾನವಾಯಿತು ಅನ್ನೋ ಪ್ರಕರಣದಲ್ಲಿ ಆಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತ್ತು. ನಮ್ಮ ದೇಶದಲ್ಲಿ ಕೆಲವು ಸ್ಯಾಮ್‌ಸಂಗ್, ಒನ್‌ಪ್ಲಸ್ ಮಾಡೆಲ್‌ಗಳಲ್ಲಿ ಅಪ್‌ಡೇಟ್ ಆದಮೇಲೆ ಪರದೆ ಮೇಲೆ ಹಸಿರು ಗೆರೆ ಬಂತು ಅಂತ ಬಹಳ ದೂರು ಬಂದವು. ಸ್ಯಾಮ್‌ಸಂಗ್ ಕೆಲವು ಮಾಡೆಲ್‌ಗಳಿಗೆ ಒಂದು ಸಲ ಉಚಿತವಾಗಿ ಪರದೆ ಬದಲಿಸಿಕೊಟ್ಟಿತು. ಒನ್‌ಪ್ಲಸ್ 2024ರ ಕೊನೆಗೆ ಹಸಿರು ಗೆರೆಗೆ ಜೀವನಪೂರ್ತಿ ವಾರಂಟಿ ಘೋಷಿಸಿತು. ಪರದೆ ಹೋತು ಅಂತ ಸಾವಿರಾರು ರೂಪಾಯಿ ಕೊಟ್ಟು ಹೊರಗೆ ಹಾಕಿಸೋ ಮೊದಲು ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೇಳೋದು ಒಳ್ಳೇದು.

ಇನ್ನೂ ಹತ್ತಿರದ ಉದಾಹರಣೆ ಐತಿ. 2025ರ ಜನವರಿಯಲ್ಲಿ, ಐಒಎಸ್ 18 ಹಾಕಿದ ಮೇಲೆ ಐಫೋನ್ ಸರಿಯಾಗಿ ನಡೀತಿಲ್ಲ ಅನ್ನೋ ದೂರುಗಳ ಮೇಲೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆಪಲ್‌ಗೆ ನೋಟಿಸ್ ಕೊಟ್ಟಿತು. ಅದನ್ನ ತಿಳಿಸಿದವರು ಗ್ರಾಹಕ ವ್ಯವಹಾರಗಳ ಸಚಿವರು, ನಮ್ಮ ಪಕ್ಕದ ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಆ ದೂರುಗಳು ಹೋಗಿದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ. ರೋಣದಿಂದ ಕರೆ ಮಾಡಿದರೂ ಅದೇ ನಂಬರ್, ದಿಲ್ಲಿಯಿಂದ ಮಾಡಿದರೂ ಅದೇ ನಂಬರ್. ಅಂಗಡಿ ಮುಂದೆ ನಿಂತು ಬೈಯ್ಯೋದಕ್ಕಿಂತ ಒಂದು ದೂರು ದಾಖಲು ಮಾಡೋದು ಮೇಲು.

ನಿಜವಾದ ಅನ್ಯಾಯ ಎಲ್ಲೈತಿ?

ನನ್ನ ದೃಷ್ಟಿಯಲ್ಲಿ ಬಟನ್ ಜಾಗ ಬದಲಾಗಿದ್ದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ರಕ್ಷಣೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕೊನೆಗೆ ಸಿಗುತ್ತದೆ, ಇಲ್ಲವೇ ಸಿಗೋದೇ ಇಲ್ಲ. ಪಿಕ್ಸೆಲ್ 8 ಮತ್ತು ಗ್ಯಾಲಕ್ಸಿ ಎಸ್24ರಿಂದ ಈಚಿನ ದುಬಾರಿ ಫೋನ್‌ಗಳಿಗೆ 7 ವರ್ಷ ಅಪ್‌ಡೇಟ್ ಕೊಡ್ತೇವೆ ಅಂತ ಕಂಪನಿಗಳು ಮಾತು ಕೊಟ್ಟಿವೆ. ಸ್ಯಾಮ್‌ಸಂಗ್ ಎ16ರಂಥ ಮಧ್ಯಮ ಬೆಲೆಯ ಫೋನ್‌ಗೂ 6 ವರ್ಷ ಇದೆ. ಆದರೆ ಏಳೆಂಟು ಸಾವಿರದ ಫೋನ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಒಂದೆರಡು ಆವೃತ್ತಿ ಬಂದು ನಿಂತುಬಿಡುತ್ತದೆ. ಆ ಫೋನ್‌ನಲ್ಲೇ ಯುಪಿಐ, ಅದರಲ್ಲೇ ಬೆಳೆ ವಿಮೆ, ಅದರಲ್ಲೇ ಮಕ್ಕಳ ಓದು.

ಯೂರೋಪಿನಲ್ಲಿ 2025ರ ಜೂನ್ 20ರಿಂದ ನಿಯಮ ಬಂದಿದೆ. ಒಂದು ಮಾಡೆಲ್ ಮಾರುಕಟ್ಟೆಗೆ ಬಿಡೋದು ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು. ಅಂಥದೊಂದು ನಿಯಮ ನಮ್ಮ ದೇಶಕ್ಕೂ ಬೇಕು. ಅದು ಬರೋತನಕ ಫೋನ್ ಕೊಳ್ಳೋವಾಗ ಕ್ಯಾಮೆರಾ ಎಷ್ಟು, ರ್‍ಯಾಮ್ ಎಷ್ಟು ಅಂತ ಕೇಳೋ ಜೊತೆಗೆ ‘ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರತೈತಿ’ ಅಂತಲೂ ಕೇಳ್ರಿ. ಕೇಳೋ ಗಿರಾಕಿ ಹೆಚ್ಚಾದರೆ ಹೇಳೋ ಅಂಗಡಿಯವರೂ ಹೆಚ್ಚಾಗುತ್ತಾರೆ.

ಅಂಗಡಿಯವರು ಏನು ಮಾಡಬೇಕು?

1. ‘ಸೆಕ್ಯುರಿಟಿ ಅಪ್‌ಡೇಟ್’ ಅಂತ ಬಂದರೆ ಅವತ್ತೇ ರಾತ್ರಿ ಹಾಕ್ಕೊಳ್ರಿ.

2. ಆಂಡ್ರಾಯ್ಡ್ 16ರಂಥ ದೊಡ್ಡ ಆವೃತ್ತಿಗೆ ಎರಡು-ಮೂರು ವಾರ ಕಾಯಬಹುದು. ನಿಮ್ಮದೇ ಮಾಡೆಲ್ ಇರೋರಿಗೆ ಏನಾಯಿತು ಅಂತ ಕೇಳಿ ಆಮೇಲೆ ಹಾಕ್ರಿ. ಕಾಯೋದು ಬೇರೆ, ಬಿಟ್ಟೇಬಿಡೋದು ಬೇರೆ.

3. ವ್ಯಾಪಾರದ ಹೊತ್ತಲ್ಲಿ ಹಾಕಬ್ಯಾಡ್ರಿ. ಅಂಗಡಿ ಮುಚ್ಚಿದ ಮೇಲೆ, ಚಾರ್ಜ್ ಅರ್ಧಕ್ಕಿಂತ ಮೇಲಿದ್ದಾಗ, ಸಾಧ್ಯವಾದರೆ ವೈಫೈನಲ್ಲಿ ಹಾಕ್ರಿ. ಕರೆಂಟ್ ಹೋಗೋ ಸಮಯ ನಿಮಗೇ ಗೊತ್ತಿರತೈತಿ.

4. ಮೊದಲು ಸಂಪರ್ಕ ನಂಬರ್, ವಾಟ್ಸಾಪ್, ಫೋಟೊ ಬ್ಯಾಕಪ್ ತಗೊಳ್ರಿ. ಮುಖ್ಯವಾದ ಹತ್ತು ನಂಬರ್ ವಹಿಯಲ್ಲಿ ಬರೆದಿಡ್ರಿ.

5. ಫೋನ್ ಅಪ್‌ಡೇಟ್ ಆಗ್ತಿದ್ದರೂ ಹಣ ಬರೋದು ನಿಲ್ಲೋದಿಲ್ಲ. ಸೌಂಡ್‌ಬಾಕ್ಸ್‌ಗಳಿಗೆ ಸಾಮಾನ್ಯವಾಗಿ ತಮ್ಮದೇ ಸಿಮ್ ಇರತೈತಿ, ಅದು ಕೂಗುತ್ತಲೇ ಇರುತ್ತದೆ.

6. ಅಪ್‌ಡೇಟ್ ಬರೋದು ಫೋನ್‌ನ ಸೆಟ್ಟಿಂಗ್ಸ್‌ನಿಂದ ಮಾತ್ರ. ‘ಆಂಡ್ರಾಯ್ಡ್ 16 ಇಲ್ಲಿ ಒತ್ತಿ’ ಅಂತ ವಾಟ್ಸಾಪ್‌ಗೆ ಲಿಂಕೋ ಎಪಿಕೆಯೋ ಬಂದರೆ ಅದು ಮೋಸ. ಅಳಿಸಿ ಹಾಕ್ರಿ.

7. ಹಣ ಹೋದರೆ ನಾಚಿಕೆಪಟ್ಟು ಕೂಡಬ್ಯಾಡ್ರಿ. ತಕ್ಷಣ 1930ಕ್ಕೆ ಕರೆ ಮಾಡ್ರಿ, ಬ್ಯಾಂಕ್‌ಗೆ ತಿಳಿಸ್ರಿ, ಹತ್ತಿರದ ಠಾಣೆಗೋ ಗದಗಿನ ಸಿಇಎನ್ ಠಾಣೆಗೋ ಹೋಗ್ರಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯೋ ಸಾಧ್ಯತೆ ಹೆಚ್ಚು.

ನಮ್ಮನ್ನ ಕೇಳದೆ ಫೋನ್ ಬದಲಾಯಿಸಿದ ಕಂಪನಿ ಮೇಲೆ ಸಿಟ್ಟು ಬರೋದು ನ್ಯಾಯವೇ. ಆ ಸಿಟ್ಟು 1915ಕ್ಕೆ ಹೋಗಲಿ, ಆ್ಯಪ್ ಕೆಳಗೆ ಕನ್ನಡದಲ್ಲೇ ಬರೆಯೋ ಅಭಿಪ್ರಾಯಕ್ಕೆ ಹೋಗಲಿ. ಸೆಕ್ಯುರಿಟಿ ಅಪ್‌ಡೇಟ್ ಬಂದ್ ಮಾಡಿಸಿದರೆ ಗೂಗಲ್‌ಗೆ ಒಂದು ರೂಪಾಯಿ ನಷ್ಟ ಇಲ್ಲ.